ಕೋಶ ವಿಭಜನೆಯ ಪಾಠ: ಚಿತ್ರ, ಅನಿಮೇಷನ್, ಸೂಕ್ಷ್ಮದರ್ಶಕ, ಉಣ್ಣೆಯ ದಾರ

ಒಂದು ಕೋಶ ತನ್ನಂಥವೇ ಎರಡಾಗುವ ಮೈಟಾಸಿಸ್ ಮತ್ತು ಎರಡು ಬಾರಿ ವಿಭಜನೆಗೊಂಡು ನಾಲ್ಕು ಕೋಶಗಳಾಗುವ ಮಿಯಾಸಿಸ್‌ಗಳನ್ನು ಕಲಿಸಲು ನಾನು ತರಗತಿಯಲ್ಲಿ ನಾಲ್ಕು ವಿಧಾನಗಳನ್ನು ಬಳಸಿ ನೋಡಿದ್ದೇನೆ. ಅವುಗಳನ್ನು ತೂಗಿ ನೋಡಲು ಇಟ್ಟುಕೊಂಡ ಅಳತೆ ಒಂದೇ: ವಿದ್ಯಾರ್ಥಿಗಳು ಹಂತಗಳ ಹೆಸರನ್ನು ಒಪ್ಪಿಸಿದರೆ ಸಾಲದು, ವರ್ಣತಂತುಗಳು (ಡಿಎನ್‌ಎ ಹೊತ್ತ ಎಳೆಗಳು) ನಾಲ್ಕಿರುವ ಕೋಶವೊಂದನ್ನು ಕೊಟ್ಟಾಗ ಯಾವ ಹಂತದಲ್ಲಿ ಯಾವುದು ಯಾವುದರಿಂದ ಬೇರೆಯಾಗುತ್ತದೆ, ಕೊನೆಗೆ ಪ್ರತಿ ಮರಿಕೋಶಕ್ಕೆ ಎಷ್ಟು ವರ್ಣತಂತುಗಳು ಸೇರುತ್ತವೆ ಎಂಬುದನ್ನು ಅವರು ತಾವಾಗಿಯೇ ಹೇಳಬಲ್ಲವರಾಗಬೇಕು.

ಕಪ್ಪುಹಲಗೆಯ ಚಿತ್ರಗಳಿಗೆ ಸಿದ್ಧತೆ ಬೇಕಿಲ್ಲ, ಪರೀಕ್ಷೆಗೂ ಅವು ಅನುಕೂಲ. ಆದರೆ ವಿಭಜನೆಯ ಹಂತಗಳಾದ ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್‌ಗಳು ನಾಲ್ಕು ಬಿಡಿ ಚಿತ್ರಗಳಾಗಿ ಮನಸ್ಸಿನಲ್ಲಿ ಉಳಿದುಬಿಡುತ್ತವೆ. ಒಂದರಿಂದ ಇನ್ನೊಂದಕ್ಕೆ ಹೋಗುವ ಚಲನೆ ಕಾಣುವುದಿಲ್ಲ. ಅನಿಮೇಷನ್ ಆ ಕೊರತೆಯನ್ನು ಸೊಗಸಾಗಿ ತುಂಬುತ್ತದೆ. ಕೋಶದ ಎರಡು ತುದಿಗಳಿಂದ ಚಾಚುವ ಸ್ಪಿಂಡಲ್ ಎಳೆಗಳು ವರ್ಣತಂತುವಿನ ಎರಡು ಪ್ರತಿಗಳು ಸೇರಿರುವ ಸೆಂಟ್ರೋಮಿಯರ್‌ಗಳನ್ನು ಹಿಡಿದು ಎಳೆಯುವುದನ್ನು ಕಂಡವರು ವರ್ಣತಂತುಗಳು ಕೋಶದ ನಡುವೆ ಸಾಲುಗೂಡುವುದೇಕೆಂದು ಮತ್ತೆ ಕೇಳುವುದಿಲ್ಲ. ಆದರೂ ಎಲ್ಲವೂ ತಾನಾಗಿ ನಡೆದುಹೋಗುವುದರಿಂದ ನೋಡುವವರು ಯಾವ ನಿರ್ಧಾರವನ್ನೂ ಮಾಡಬೇಕಾಗಿ ಬರುವುದಿಲ್ಲ. ಆದ್ದರಿಂದ ಈಗ ನಾನು ಅದನ್ನು ಪಾಠದ ಕೊನೆಯಲ್ಲಿ, ಧ್ವನಿ ಅಡಗಿಸಿ ತೋರಿಸುತ್ತೇನೆ. ವಿವರಣೆ ವಿದ್ಯಾರ್ಥಿಗಳದೇ ಆಗಿರುತ್ತದೆ.

ಈರುಳ್ಳಿ ಬೇರಿನ ತುದಿಯನ್ನು ಆಮ್ಲದಲ್ಲಿ ಮೆದುಗೊಳಿಸಿ, ಅಸಿಟೋಕಾರ್ಮಿನ್ ಬಣ್ಣ ಹಾಕಿ, ಗಾಜಿನ ಪಟ್ಟಿಯ ಮೇಲೆ ಒತ್ತಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ರಯೋಗಕ್ಕೆ ಬೇರೆ ಯಾವ ವಿಧಾನವೂ ಸಾಟಿಯಲ್ಲ ಎಂಬುದು ಒಂದು ವಿಷಯದಲ್ಲಿ ಮಾತ್ರ ನಿಜ: ಇದು ಕಲ್ಪಿತ ಚಿತ್ರವಲ್ಲ, ನಿಜವಾದ ಕೋಶ. ಬಹುಪಾಲು ಕೋಶಗಳು ವಿಭಜನೆಗಳ ನಡುವಿನ ಹಂತವಾದ ಇಂಟರ್‌ಫೇಸ್‌ನಲ್ಲೇ ಇರುವುದನ್ನು ಕಂಡು, ಪ್ರತಿ ಹಂತದ ಕೋಶಗಳನ್ನು ಎಣಿಸಿದಾಗ, ಯಾವ ಹಂತ ದೀರ್ಘ, ಯಾವುದು ಕ್ಷಣಿಕ ಎಂಬುದನ್ನು ವಿದ್ಯಾರ್ಥಿಗಳೇ ಊಹಿಸುತ್ತಾರೆ. ಆದರೆ ಈರುಳ್ಳಿಯಲ್ಲಿರುವ 16 ವರ್ಣತಂತುಗಳು ಒಂದರ ಮೇಲೊಂದು ಬಿದ್ದಿರುವಾಗ ಸಮಜಾತ ಜೋಡಿಗಳನ್ನು (ತಾಯಿಯಿಂದೊಂದು, ತಂದೆಯಿಂದೊಂದು ಬಂದ ಒಂದೇ ಬಗೆಯ ವರ್ಣತಂತುಗಳನ್ನು) ಗುರುತಿಸುವುದು ಅವರಿಂದ ಆಗದು. ಅಲ್ಲದೆ ಬೇರಿನ ತುದಿಯಲ್ಲಿ ಮಿಯಾಸಿಸ್ ನಡೆಯುವುದೇ ಇಲ್ಲ. ಅದಕ್ಕೆ ಎಳೆಯ ಹೂಮೊಗ್ಗಿನ ಪರಾಗಕೋಶ ಬೇಕು, ಮೊಗ್ಗು ಸರಿಯಾದ ಹಂತದಲ್ಲಿಯೂ ಇರಬೇಕು.

ನನ್ನ ಒಲವು ಉಣ್ಣೆಯ ದಾರದ ಕಡೆಗೆ. ಒಂದೊಂದು ದಾರ ಒಂದೊಂದು ವರ್ಣತಂತು. ಉದ್ದನೆಯದೊಂದು ಜೋಡಿ, ಗಿಡ್ಡದೊಂದು ಜೋಡಿ; ಪ್ರತಿ ಜೋಡಿಯಲ್ಲಿ ತಾಯಿಯಿಂದ ಬಂದದ್ದು ಕೆಂಪು, ತಂದೆಯಿಂದ ಬಂದದ್ದು ನೀಲಿ. ವಿಭಜನೆಗೆ ಮೊದಲು ಪ್ರತಿ ದಾರದ ಪಕ್ಕದಲ್ಲಿ ಅದೇ ಬಣ್ಣದ, ಅದೇ ಉದ್ದದ ಇನ್ನೊಂದನ್ನಿಟ್ಟು ನಡುವೆ ಗಂಟು ಹಾಕಬೇಕು; ಗಂಟೇ ಸೆಂಟ್ರೋಮಿಯರ್, ಒಂದು ಗಂಟು ಅಂದರೆ ಒಂದು ವರ್ಣತಂತು. ಎಳೆಗಳು ಎಂಟಾದರೂ ಗಂಟುಗಳು ನಾಲ್ಕೇ ಆಗಿರುವುದರಿಂದ, ಡಿಎನ್‌ಎ ಇಮ್ಮಡಿಯಾದರೂ ವರ್ಣತಂತುಗಳ ಸಂಖ್ಯೆ ಬದಲಾಗದೆಂಬ, ಬಾಯಲ್ಲಿ ಎಷ್ಟು ಹೇಳಿದರೂ ಒಗ್ಗದ ಮಾತು ಇಲ್ಲಿ ಕೈಗೆ ಸಿಗುತ್ತದೆ. ಮೈಟಾಸಿಸ್‌ನಲ್ಲಿ ಗಂಟು ಬಿಚ್ಚಬೇಕು. ಮಿಯಾಸಿಸ್‌ನ ಮೊದಲ ವಿಭಜನೆಯಲ್ಲಿ ಗಂಟನ್ನು ಮುಟ್ಟದೆ ಕೆಂಪು ಒಂದು ಕಡೆಗೆ, ಅದರ ಜೊತೆಗಾರ ನೀಲಿ ಇನ್ನೊಂದು ಕಡೆಗೆ ಹೋಗಬೇಕು. ಗಂಟು ಬಿಚ್ಚುವುದು ಎರಡನೆಯ ವಿಭಜನೆಯಲ್ಲಿ. ಎರಡು ಪ್ರಕ್ರಿಯೆಗಳ ನಡುವಿನ ತಿರುಳಾದ ವ್ಯತ್ಯಾಸ ಇಷ್ಟೇ, ಮತ್ತು ಅದು ವಿದ್ಯಾರ್ಥಿಯ ಬೆರಳುಗಳಲ್ಲಿಯೇ ತೀರ್ಮಾನವಾಗುತ್ತದೆ. ಒಂದು ಗುಂಪು ಎರಡು ಕೆಂಪುಗಳನ್ನು ಒಂದೇ ಬದಿಗೆ ಇಟ್ಟಿದ್ದರೆ ಪಕ್ಕದ ಗುಂಪು ಕೆಂಪು-ನೀಲಿ ಬೆರೆಸಿಟ್ಟಿರುತ್ತದೆ. ಇವೆರಡೂ ಸರಿ. ಎರಡು ಜೋಡಿಗಳಿಂದ 4 ಬಗೆಯ ಸಂಯೋಜನೆಗಳಾದರೆ ಮನುಷ್ಯನ 23 ಜೋಡಿಗಳಿಂದ 83,88,608 ಆಗುತ್ತವೆ ಎಂಬ ಲೆಕ್ಕವನ್ನು ಆಗ ಅವರು ಆಸೆಯಿಂದ ಮಾಡುತ್ತಾರೆ.

ದಾರ ಸೋಲುವುದು ಜೋಡಿ ವರ್ಣತಂತುಗಳ ನಡುವಿನ ತುಂಡುಗಳ ವಿನಿಮಯದಲ್ಲಿ, ಅಂದರೆ ಕ್ರಾಸಿಂಗ್ ಓವರ್‌ನಲ್ಲಿ. ಅದಕ್ಕೆ ಬಣ್ಣದ ಜೇಡಿಮಣ್ಣು ಉತ್ತಮ: ಕೆಂಪಿನ ತುದಿಯನ್ನು ಮುರಿದು ನೀಲಿಗೆ ಅಂಟಿಸಬಹುದು. ಉಳಿದ ಹಂತಗಳಲ್ಲಿ ಅದು ಮೇಜಿಗೆ ಅಂಟುತ್ತದೆ, ಎಳೆದಾಗ ಆಕಾರ ಕೆಡುತ್ತದೆ.

ಕೊನೆಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ ಕೊಡುತ್ತೇನೆ: ಮೊದಲ ವಿಭಜನೆಯಲ್ಲಿ ಉದ್ದನೆಯ ಜೋಡಿ ಬೇರೆಯಾಗದೆ ಒಂದೇ ಕಡೆಗೆ ಹೋದರೆ ಏನಾಗುತ್ತದೆ? ಚಿತ್ರ ಮತ್ತು ಅನಿಮೇಷನ್‌ಗಳಿಂದ ಮಾತ್ರ ಕಲಿತವರಲ್ಲಿ ಹೆಚ್ಚಿನವರು ಇಲ್ಲಿ ತಡವರಿಸುತ್ತಾರೆ. ದಾರ ಹಿಡಿದವರು ಅದನ್ನು ಮೇಜಿನ ಮೇಲೆ ನಡೆಸಿ ನೋಡಿ, ಎರಡು ಕೋಶಗಳಲ್ಲಿ ಮೂರು ಮೂರು, ಇನ್ನೆರಡರಲ್ಲಿ ಒಂದೊಂದು ಎಂದು ಉತ್ತರಿಸುತ್ತಾರೆ. 21ನೆಯ ವರ್ಣತಂತು ಹೀಗೆ ಹೆಚ್ಚುವರಿಯಾಗಿ ಬಂದಾಗ ಡೌನ್ ಸಿಂಡ್ರೋಮ್ ಉಂಟಾಗುವುದನ್ನು ವಿವರಿಸಲು ಆಮೇಲೆ ನನಗೆ ಹೆಚ್ಚು ಮಾತು ಬೇಕಾಗುವುದಿಲ್ಲ.