ಪ್ಲೈವುಡ್ ಅಂಟಿಗೆ ಕ್ರಾಫ್ಟ್ ಲಿಗ್ನಿನ್ ಪುಡಿ: ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಪ್ಲೈವುಡ್‌ಗೆ ಬಳಸುವ ಫೀನಾಲ್-ಫಾರ್ಮಾಲ್ಡಿಹೈಡ್ ಅಂಟಿನಲ್ಲಿ ಪೆಟ್ರೋಲಿಯಂ ಮೂಲದ ಫೀನಾಲನ್ನು ಭಾಗಶಃ ಕಡಿಮೆ ಮಾಡಲೆಂದು ಮಾರಾಟವಾಗುವ ಕ್ರಾಫ್ಟ್ ಲಿಗ್ನಿನ್ ಪುಡಿಯೇ ಈ ವಿಮರ್ಶೆಯ ವಸ್ತು. ಒಣ ಮರದ ತೂಕದಲ್ಲಿ ಸುಮಾರು ಶೇ. 20ರಿಂದ 30ರಷ್ಟಿರುವ ಲಿಗ್ನಿನ್, ಸೆಲ್ಯುಲೋಸ್ ಎಳೆಗಳನ್ನು ಬಿಗಿಹಿಡಿದು ಮರಕ್ಕೆ ಗಡಸುತನ ಕೊಡುತ್ತದೆ. ಕಾಗದದ ಕಾರ್ಖಾನೆಗಳು ಅದರ ಬಹುಪಾಲನ್ನು ಬಾಯ್ಲರಿನಲ್ಲಿ ಸುಟ್ಟು ಉಗಿಯನ್ನೂ ವಿದ್ಯುತ್ತನ್ನೂ ಪಡೆಯುತ್ತವೆ. ಇಂಥ ಪದಾರ್ಥಕ್ಕೆ ಉರುವಲಿಗಿಂತ ಮೇಲಾದ ಬಳಕೆ ಸಿಗಬೇಕೆಂಬ ಆಸೆ ನನಗಿದೆ, ಈ ಪುಡಿ ಆ ದಿಕ್ಕಿನ ಗಟ್ಟಿ ಹೆಜ್ಜೆಯೂ ಹೌದು. ಆದರೆ ಮಾರಾಟಗಾರರು ಮುಂದಿಡುವ ಶುದ್ಧತೆಯ ಅಂಕಿಯೊಂದನ್ನೇ ನಂಬಿ ಇದನ್ನು ಕೊಳ್ಳಬಾರದು.

ಮೊದಲು ನೋಡಬೇಕಾದದ್ದು ತೆಗೆದ ವಿಧಾನ. ಕಾಗದದ ತಿರುಳು ತಯಾರಿಸುವ ಕ್ರಾಫ್ಟ್ ವಿಧಾನದಲ್ಲಿ ಮರದ ಚಕ್ಕೆಗಳನ್ನು ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಸೋಡಿಯಂ ಸಲ್ಫೈಡ್ ದ್ರಾವಣದಲ್ಲಿ ಸುಮಾರು 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿದಾಗ ಲಿಗ್ನಿನ್ ಕರಗಿ ಕಪ್ಪು ದ್ರಾವಣದಲ್ಲಿ ಸೇರುತ್ತದೆ. ಸ್ವೀಡನ್ನಿನಲ್ಲಿ ರೂಪುಗೊಂಡ ಲಿಗ್ನೋಬೂಸ್ಟ್ ವಿಧಾನದಲ್ಲಿ ಈ ದ್ರಾವಣಕ್ಕೆ ಇಂಗಾಲದ ಡೈಆಕ್ಸೈಡ್ ಹಾಯಿಸಿ ಪಿಎಚ್ ಮಟ್ಟವನ್ನು ಸುಮಾರು 10ಕ್ಕೆ ಇಳಿಸಿದಾಗ ಲಿಗ್ನಿನ್ ಗಷ್ಟಾಗಿ ಬೇರ್ಪಡುತ್ತದೆ. ಸೋಸಿದ ಆ ಮುದ್ದೆಯನ್ನು ನೇರವಾಗಿ ನೀರಿನಿಂದ ತೊಳೆದರೆ ಒಳಗಿನ ಲವಣಾಂಶ ತಟ್ಟನೆ ಕುಸಿದು, ಲಿಗ್ನಿನ್ ಮತ್ತೆ ಕರಗತೊಡಗಿ, ಸೋಸುವ ಪದರವೇ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಅದನ್ನು ಮೊದಲು ಆಮ್ಲೀಯ ನೀರಿನಲ್ಲಿ ಕದಡಿ, ಮತ್ತೊಮ್ಮೆ ಸೋಸಿ, ಆಮೇಲೆ ತೊಳೆಯುತ್ತಾರೆ. ಈ ಎರಡನೆಯ ಹಂತದಲ್ಲಿ ಎಚ್ಚರವಹಿಸಿದ ಪುಡಿಯಲ್ಲಿ ಬೂದಿಯ ಅಂಶ ಕಡಿಮೆ, ಒಂದು ಸರಕಿಗೂ ಇನ್ನೊಂದಕ್ಕೂ ವ್ಯತ್ಯಾಸವೂ ಕಡಿಮೆ.

ಇದಕ್ಕಿಂತ ಮುಖ್ಯವಾದದ್ದು ಯಾವ ಮರದಿಂದ ಬಂದದ್ದು ಎಂಬುದು. ಪೈನ್, ಸ್ಪ್ರೂಸ್ ಮರಗಳ ಲಿಗ್ನಿನ್ ಬಹುಮಟ್ಟಿಗೆ ಗ್ವಾಯಾಸಿಲ್ ಘಟಕಗಳಿಂದಾದದ್ದು. ಆ ಘಟಕದ ಉಂಗುರದಲ್ಲಿ ಹೈಡ್ರಾಕ್ಸಿಲ್ ಗುಂಪಿನ ಒಂದು ಪಕ್ಕದಲ್ಲಿ ಮೆಥಾಕ್ಸಿ ಗುಂಪು ಕುಳಿತಿದ್ದರೂ, ಇನ್ನೊಂದು ಪಕ್ಕ ತೆರವಾಗಿದ್ದಲ್ಲಿ ಫಾರ್ಮಾಲ್ಡಿಹೈಡ್ ಅಲ್ಲಿ ಬೆಸೆದುಕೊಳ್ಳುತ್ತದೆ. ನೀಲಗಿರಿ, ಬರ್ಚ್ ಮರಗಳ ಲಿಗ್ನಿನ್‌ನಲ್ಲಿ ಹೇರಳವಾಗಿರುವ ಸಿರಿಂಜಿಲ್ ಘಟಕಗಳಲ್ಲಿ ಎರಡೂ ಪಕ್ಕಗಳು ಭರ್ತಿಯಾಗಿರುವುದರಿಂದ, ಶುದ್ಧತೆ ಎಷ್ಟೇ ಇರಲಿ, ಅದು ಅಂಟಿನೊಳಗೆ ಸರಿಯಾಗಿ ಬೆರೆತು ಗಟ್ಟಿಯಾಗುವುದಿಲ್ಲ. ಮೂಲ ಮರದ ಹೆಸರನ್ನು ಚೀಲದ ಮೇಲೆ ಮುದ್ರಿಸದ ಮಾರಾಟಗಾರರು ಕೊಳ್ಳುವವರಿಗೆ ಅನ್ಯಾಯ ಮಾಡುತ್ತಿದ್ದಾರೆಂದೇ ನಾನು ಭಾವಿಸುತ್ತೇನೆ.

ಪೈನ್ ಮೂಲದ ಪುಡಿ ಬಳಕೆಯಲ್ಲಿ ತೃಪ್ತಿ ಕೊಟ್ಟಿತು. ನೀರಿನಲ್ಲಿ ಕರಗದ ಈ ಕಂದು ಪುಡಿ ಕ್ಷಾರದಲ್ಲಿ ಸಲೀಸಾಗಿ ಕರಗುತ್ತದೆ, ಅಂಟಿನ ತಯಾರಿಕೆಗೂ ಕ್ಷಾರ ಬೇಕೇ ಬೇಕಾದ್ದರಿಂದ ಹೊಸ ಉಪಕರಣದ ಅಗತ್ಯ ಬೀಳಲಿಲ್ಲ. ಫೀನಾಲಿನ ಉಂಗುರದಲ್ಲಿ ಮೂರು ಸ್ಥಾನಗಳು ತೆರವಿದ್ದರೆ ಇದರಲ್ಲಿ ಹೆಚ್ಚೆಂದರೆ ಒಂದು, ಹಾಗಾಗಿ ಲಿಗ್ನಿನ್ ಪ್ರಮಾಣ ಏರಿದಂತೆ ಅಂಟು ಗಟ್ಟಿಯಾಗುವುದು ನಿಧಾನವಾಗುತ್ತದೆ, ಬಿಸಿ ಪ್ರೆಸ್‌ನಲ್ಲಿ ಹಲಗೆಯನ್ನು ಹೆಚ್ಚು ಹೊತ್ತು ಇಡಬೇಕಾಗುತ್ತದೆ. ಈ ಅಂಟು ಮೊದಲೇ ಗಾಢ ಬಣ್ಣದ್ದು, ಆದ್ದರಿಂದ ಲಿಗ್ನಿನ್ನಿನ ಕಂದು ಬಣ್ಣ ಇಲ್ಲಿ ದೋಷವಲ್ಲ. ಬಿಸಿ ಮಾಡಿದಾಗ ಏಳುವ ಗಂಧಕದ ವಾಸನೆ ಮಾತ್ರ ನಿಜವಾದ ತೊಡಕು, ಗಾಳಿಯಾಡುವ ಜಾಗವಿಲ್ಲದವರು ಎಥನಾಲ್ ಮತ್ತು ನೀರಿನ ಮಿಶ್ರಣದಲ್ಲಿ ತೆಗೆದ, ಗಂಧಕವಿಲ್ಲದ ಆರ್ಗನೊಸಾಲ್ವ್ ಲಿಗ್ನಿನ್ನನ್ನು ಪರಿಶೀಲಿಸಬೇಕು.

ಕಾಂಕ್ರೀಟಿನಲ್ಲಿ ನೀರಿನ ಪ್ರಮಾಣ ಇಳಿಸಲು ಈ ಕ್ರಾಫ್ಟ್ ಪುಡಿ ಆಗದು. ಅದಕ್ಕೆ ನೀರಿನಲ್ಲಿ ಕರಗುವ ಲಿಗ್ನೋಸಲ್ಫೋನೇಟ್ ಬೇಕು, ನಾರ್ವೆಯ ಬೋರೆಗಾರ್ಡ್ ಕಂಪನಿ ವೆನಿಲ್ಲಾ ಪರಿಮಳದ ವ್ಯಾನಿಲಿನ್ ತಯಾರಿಸುವುದೂ ಮರದ ಲಿಗ್ನಿನ್ನಿನ ಆ ಬಗೆಯಿಂದಲೇ.

ಒಣ ಪುಡಿಯ ಧೂಳು ಗಾಳಿಯಲ್ಲಿ ಹರಡಿದರೆ ಬೆಂಕಿ ಹತ್ತಬಲ್ಲದು. ಹೇಗೂ ಕ್ಷಾರದ ನೀರಿನಲ್ಲಿ ಕದಡುವವರಿಗೆ ತೇವವಿರುವ ಸರಕೇ ಲೇಸು. ಅದನ್ನು ಒಟ್ಟು ತೂಕದ ಲೆಕ್ಕದಲ್ಲಿ ಕೊಳ್ಳದೆ, ತೇವಾಂಶ ಕಳೆದ ಒಣ ತೂಕಕ್ಕೆ ಬೆಲೆ ಕಟ್ಟಿಸಿಕೊಳ್ಳಬೇಕು.