ಫುಟ್‌ಪಾತ್‌ನಲ್ಲಿ ಮಲಗುವವರ ಕಾಲಿನ ಗಾಯ: ನಮ್ಮ ಕ್ಲಿನಿಕ್ಕಾ, ವಿಕ್ಟೋರಿಯಾನಾ?

ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಸುತ್ತ ಮಲಗುವವರ ಕಾಲು ತೋರಿಸಲು ಎಲ್ಲಿಗೆ ಕರೆದುಕೊಂಡು ಹೋಗಬೇಕು? ಒಡೆದ ಹಿಮ್ಮಡಿ, ಬೆರಳ ಸಂದಿಯ ಕೆಸರುಹುಣ್ಣು, ಸಣ್ಣಪುಟ್ಟ ಗಾಯವಾದರೆ ಸರ್ಕಾರದ ‘ನಮ್ಮ ಕ್ಲಿನಿಕ್’ ಸಾಕು. ದುಡ್ಡು ಕೊಡಬೇಕಿಲ್ಲ, ಶುಗರ್ ಕೂಡ ನೋಡುತ್ತಾರೆ. ಆದರೆ ಬಹುತೇಕ ಕಡೆ ಸಂಜೆ ಹೊತ್ತಿಗೆ ಬಾಗಿಲು ಹಾಕಿರುತ್ತದೆ, ಕೂಲಿಗೆ ಹೋದವರು ಬರೋದೇ ಆಮೇಲೆ ಅಲ್ವಾ!

ಸರ್ಕಾರಿ ವಿಕ್ಟೋರಿಯಾ ಆಸ್ಪತ್ರೆ ಮಾರ್ಕೆಟ್‌ಗೆ ಹತ್ತಿರವೇ, ಆದರೆ ಕ್ಯೂ ಜಾಸ್ತಿ, ಜೊತೆಗೊಬ್ಬರು ಇಲ್ಲದಿದ್ದರೆ ಅರ್ಧಕ್ಕೇ ಎದ್ದು ಬರುತ್ತಾರೆ. ಆದರೂ ಬೆರಳು ಕಪ್ಪಾಗಿದ್ದರೆ, ಗಾಯ ವಾಸನೆ ಬರುತ್ತಿದ್ದರೆ, ಶುಗರ್ ಇದ್ದು ಕಾಲಿಗೆ ಮೊಳೆ ಚುಚ್ಚಿದರೂ ಗೊತ್ತಾಗದಿದ್ದರೆ ಸುಮ್ನೆ ಯೋಚಿಸುತ್ತಾ ಕೂರಬೇಡಿ, ನೇರ ಅಲ್ಲಿಗೇ ಹೋಗಿ.

ಎಲ್ಲಿಗೇ ಹೋದರೂ ಡ್ರೆಸ್ಸಿಂಗ್ ಆದಮೇಲೆ ಅದೇ ಒದ್ದೆ ಚಪ್ಪಲಿ ಹಾಕಿಸಿ ಕಳಿಸಬೇಡಿ. ಸೈಜ್ ಕೇಳಿ ಒಂದು ಜೊತೆ ಒಣ ಚಪ್ಪಲಿ ಕೊಡಿಸಿ.