ಏಳು ದಿನ, ನಲವತ್ತೆರಡು ಬಾಟಲಿ

ತಂಗಿಯ ಮಗಳ ಮದುವೆಗೆ ಹದಿನೈದು ದಿನವಿತ್ತು. ರವಿಕೆಗಳೆಲ್ಲ ಬಿಗಿಯಾಗಿದ್ದವು. ಮನೆಬಾಗಿಲಿಗೇ ಬರುವ ಡಿಟಾಕ್ಸ್ ಜ್ಯೂಸ್‌ಗೆ ಹೇಳಿದೆ: ದಿನಕ್ಕೆ ಆರು ಬಾಟಲಿ, ಏಳು ದಿನ, 6,300 ರೂಪಾಯಿ. ಊಟ, ತಿಂಡಿ, ಕಾಫಿ ಏನೂ ಇಲ್ಲ. ನನಗೆ 51 ವರ್ಷ, ಮೈಸೂರಿನಲ್ಲಿ ಬ್ಯಾಂಕ್ ಕೆಲಸ, ಆಗ ತೂಕ 74.2 ಕಿಲೋ. ಸಕ್ಕರೆ ಕಾಯಿಲೆಯಾಗಲಿ ಬಿಪಿಯಾಗಲಿ ಇಲ್ಲ. ಇದನ್ನು ಹೇಳಲು ಕಾರಣವಿದೆ, ಮುಂದೆ ಬರುತ್ತದೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಬಾಟಲಿ ತರುವ ಹುಡುಗ ಬೆಳಿಗ್ಗೆ ಆರೂಕಾಲಕ್ಕೆ ಗೇಟಿನ ಬಳಿ ಇರುತ್ತಿದ್ದ, ಮಳೆ ಬಂದ ದಿನವೂ ತಪ್ಪಿಸಲಿಲ್ಲ. ಗಾಜಿನ ಬಾಟಲಿಗಳು ಶುಚಿಯಾಗಿದ್ದವು. ಶುಂಠಿ, ನಿಂಬೆ ಬೆರೆಸಿದ ಬೂದುಗುಂಬಳದ ರಸ ಬಿಸಿಲಿಗೆ ಹಿತವಾಗಿತ್ತು. ಅದನ್ನು ಈಗಲೂ ಮನೆಯಲ್ಲಿ ಮಾಡಿಕೊಳ್ಳುತ್ತೇನೆ.

ಎರಡನೆಯ ದಿನ ಮಧ್ಯಾಹ್ನ ತಲೆ ಸಿಡಿಯತೊಡಗಿತು. ಕೌಂಟರಿನಲ್ಲಿ ಒಂದೇ ನೋಟಿನ ಕಟ್ಟನ್ನು ಮೂರು ಸಲ ಎಣಿಸಿದೆ, ಕೈ ಸಣ್ಣಗೆ ನಡುಗುತ್ತಿತ್ತು. ಫೋನ್ ಮಾಡಿದರೆ, "ದೇಹದೊಳಗಿನ ವಿಷ ಹೊರಗೆ ಹೋಗುತ್ತಿದೆ ಮೇಡಂ, ಒಳ್ಳೆಯ ಲಕ್ಷಣ" ಎಂದರು. ಯಾವ ವಿಷ ಎಂದು ಕೇಳಿದೆ. ಹೆಸರು ಹೇಳಲಿಲ್ಲ. ಮೂವತ್ತು ವರ್ಷ ಕುಡಿದ ಫಿಲ್ಟರ್ ಕಾಫಿಯನ್ನು ಒಂದೇ ದಿನದಲ್ಲಿ ಬಿಟ್ಟರೆ ತಲೆ ನೋಯುತ್ತದೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ನಾಲ್ಕನೆಯ ದಿನದ ಸಂಗತಿಯನ್ನು ನಾನು ಕ್ಷಮಿಸಲಾರೆ. ಅಂದು ಸೋರೆಕಾಯಿ ರಸ ಬಂದಿತ್ತು. ಮೊದಲ ಗುಟುಕಿಗೇ ನಾಲಿಗೆ ಹಿಂದಕ್ಕೆ ಸೆಳೆದುಕೊಳ್ಳುವಷ್ಟು ಕಹಿ. ಹಾಗಲದ ಕಹಿಯಲ್ಲ, ಗಂಟಲಿನಲ್ಲಿ ಅಂಟಿಕೊಂಡು ಕೂರುವ ಕಹಿ. ಜೊತೆಗಿದ್ದ ಕಾರ್ಡಿನಲ್ಲಿ "ಕಹಿಯಾದರೂ ಬಿಡದೆ ಕುಡಿಯಿರಿ" ಎಂದು ಅಚ್ಚಾಗಿತ್ತು. ನನ್ನ ಅಮ್ಮ ಸೋರೆಕಾಯಿ ಹೆಚ್ಚುವಾಗ ತೊಟ್ಟಿನ ಕಡೆಯಿಂದ ಒಂದು ಚೂರು ಕತ್ತರಿಸಿ ನಾಲಿಗೆಗೆ ತಾಗಿಸಿ ನೋಡದೆ ಒಲೆಗೆ ಹಾಕಿದವರಲ್ಲ. ಕಹಿಯಿದ್ದರೆ ಇಡೀ ಕಾಯಿ ಹಿತ್ತಿಲ ಗುಂಡಿಗೆ. ಆ ಬಾಟಲಿಯನ್ನು ಸಿಂಕಿಗೆ ಸುರಿದೆ.

ಆಮೇಲೆ ಹುಡುಕಿ ಓದಿದಾಗ ಎದೆ ಧಸಕ್ಕೆಂದಿತು. ಸೋರೆ, ಸೌತೆ ಜಾತಿಯ ಕಾಯಿಗಳು ಕಹಿಯಾಗುವುದು ಕುಕುರ್ಬಿಟಾಸಿನ್ ಎಂಬ ವಿಷದಿಂದ. ಅದು ಹೊಟ್ಟೆಗೆ ಹೋದರೆ ರಕ್ತ ವಾಂತಿಯಾಗಬಹುದು, ರಕ್ತದೊತ್ತಡ ಕುಸಿಯಬಹುದು. ನಮ್ಮ ದೇಶದಲ್ಲೇ ಕಹಿ ಸೋರೆಕಾಯಿ ರಸ ಕುಡಿದು ಜನ ಸತ್ತಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ಮಾಡಿ, ಕಹಿ ರಸವನ್ನು ಕುಡಿಯಲೇಬೇಡಿ ಎಂದು ಎಚ್ಚರಿಸಿದೆ. ರಸ ಮಾರುವುದನ್ನೇ ಕಸುಬು ಮಾಡಿಕೊಂಡವರಿಗೆ ಇದು ಗೊತ್ತಿರಬೇಕಿತ್ತು. ದೂರು ಕೊಟ್ಟೆ. ಮರುದಿನ ಒಂದು ಬಾಟಲಿ ಹೆಚ್ಚಿಗೆ ಬಂತು, ಕಾರ್ಡು ಮಾತ್ರ ಬದಲಾಗಲಿಲ್ಲ.

ರಾತ್ರಿಗೆ ಒಂದು 'ಶುದ್ಧೀಕರಣ ಚಹಾ' ಪೊಟ್ಟಣವೂ ಇತ್ತು. ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಸೋನಾಮುಖಿ ಎಲೆ ಎಂದಿತ್ತು, ಅಂದರೆ ಭೇದಿ ಮದ್ದು. ಅದು ದೊಡ್ಡ ಕರುಳನ್ನು ಕೆರಳಿಸಿ ನೀರನ್ನೂ ಲವಣವನ್ನೂ ಹೊರಹಾಕುತ್ತದೆ. ತಿಂದದ್ದರ ಸಾರ ಸಣ್ಣ ಕರುಳಿನಲ್ಲೇ ರಕ್ತಕ್ಕೆ ಸೇರಿಬಿಟ್ಟಿರುವುದರಿಂದ ಕೊಬ್ಬಿಗೂ ಇದಕ್ಕೂ ಸಂಬಂಧವಿಲ್ಲ.

ಏಳನೆಯ ದಿನ ತೂಕ 70.8. ಮೂರು ಕಿಲೋ ನಾಲ್ಕು ನೂರು ಗ್ರಾಂ! ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಮದುವೆ ಮುಗಿಸಿ ಬಂದು ಮಾಮೂಲಿ ಅನ್ನ, ಸಾರು, ಮುದ್ದೆ ಉಂಡ ಮೇಲೆ, ಹತ್ತೇ ದಿನಕ್ಕೆ 73.3 ತೋರಿಸಿತು. ಲೆಕ್ಕ ನನ್ನ ಕಸುಬು, ಕುಳಿತು ಲೆಕ್ಕ ಹಾಕಿದೆ. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಕೊರತೆ ಬೀಳಬೇಕು. ನನ್ನ ದಿನದ ಖರ್ಚು ಸುಮಾರು 1,800, ರಸದಿಂದ ಸಿಕ್ಕಿದ್ದು ಸುಮಾರು 700. ಏಳು ದಿನಕ್ಕೆ ಹೆಚ್ಚೆಂದರೆ ಒಂದು ಕಿಲೋ. ಉಳಿದದ್ದರಲ್ಲಿ ಹೆಚ್ಚಿನ ಪಾಲು ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ದಾಸ್ತಾನು ಇರುತ್ತದೆ. ಅದರ ಒಂದೊಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಹಸಿದಾಗ ಎರಡೂ ಖಾಲಿ, ಉಂಡಾಗ ಎರಡೂ ಭರ್ತಿ. ದೇಹ ತೊಳೆಯುವ ಮಾತಿಗೆ ಬಂದರೆ, ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ, ಯಾರ ಬಾಟಲಿಗೂ ಕಾಯದೆ.

ಮೇಲಿನ ಮನೆಯ ಅಕ್ಕನೂ ಇದೇ ಪ್ಯಾಕೇಜಿಗೆ ಮುಂಗಡ ಕೊಟ್ಟಿದ್ದರು. ಅವರು ಬೆಳಿಗ್ಗೆ, ರಾತ್ರಿ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು. ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುವ ಅಪಾಯವಿದೆ. ಅವರನ್ನು ಸೇರಿಸಿಕೊಳ್ಳುವಾಗ ಕಾಯಿಲೆ ಇದೆಯೇ ಎಂದು ಒಂದು ಮಾತೂ ಕೇಳಿರಲಿಲ್ಲ, ನನ್ನನ್ನೂ ಕೇಳಿರಲಿಲ್ಲ. ಆ ಸಂಜೆಯೇ ಮೆಟ್ಟಿಲು ಹತ್ತಿ ಕಾರ್ಡನ್ನೂ ಚಹಾ ಪೊಟ್ಟಣವನ್ನೂ ಅವರ ಮುಂದಿಟ್ಟೆ. ಅವರು ಬೇಡವೆಂದು ಫೋನ್ ಮಾಡಿದರು. ಮುಂಗಡದ ಸಾವಿರ ರೂಪಾಯಿ ಇನ್ನೂ ವಾಪಸು ಬಂದಿಲ್ಲ.

ಐದರಲ್ಲಿ ಒಂದು ನಕ್ಷತ್ರ ಕೊಟ್ಟಿದ್ದೇನೆ. ಅದು ಆರೂಕಾಲಕ್ಕೆ ಬರುತ್ತಿದ್ದ ಹುಡುಗನಿಗೆ.